ಬಾಟಲಿ ಮಲಗಿದ ಕೋಣೆ

ಆ ಮನೆಯಲ್ಲಿ ತಂಪಾದ ಕೋಣೆ ಅಂತ ಇದ್ದದ್ದು ಒಂದೇ ಒಂದು. ಕೆಳಗೆ, ಅಡುಗೆಮನೆಯ ಹಿಂದೆ, ಬಿಸಿಲು ಯಾವ ಹೊತ್ತಿನಲ್ಲೂ ಇಣುಕದ ಕೋಣೆ. ಮೊದಲು ಅಲ್ಲಿ ಮನೆಯ ಅಜ್ಜಿ ಮಲಗುತ್ತಿದ್ದರು. ಈಗ ವೈನ್ ಬಾಟಲಿಗಳು ಮಲಗಿದ್ದವು. ಮಲಗುವುದೆಂದರೆ ಬಾಯಿಮಾತಿಗಲ್ಲ, ನಿಜವಾಗಿಯೂ ಮಲಗುವುದು. ನಿಲ್ಲಿಸಿದರೆ ಬಿರಡೆ ಒಣಗುತ್ತದಂತೆ, ಒಣಗಿದರೆ ಗಾಳಿ ಹೊಗುತ್ತದಂತೆ, ಗಾಳಿ ಹೊಕ್ಕರೆ ಹಾಕಿದ ದುಡ್ಡೆಲ್ಲ ನೀರುಪಾಲಂತೆ. ಅದಕ್ಕೇ ಮರದ ಗೂಡು ಮಾಡಿಸಿ, ಹಗಲೂ ರಾತ್ರಿ ಏಸಿ ಓಡಿಸಿ, ಮೂಲೆಯಲ್ಲಿ ತೇವ ಉಗುಳುವ ಯಂತ್ರವೊಂದನ್ನು ಇಟ್ಟು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಬಡಿದಾಗಿತ್ತು. ಹೆತ್ತ ತಾಯಿಗಾಗಲಿ ಕಟ್ಟಿಕೊಂಡ ಹೆಂಡತಿಗಾಗಲಿ ಆ ಮನೆಯಲ್ಲಿ ಇಂಥ ಉಪಚಾರ ಎಂದೂ ಆದದ್ದಿಲ್ಲ.

ಉಪಚಾರ ಮಾಡುತ್ತಿದ್ದವನು ಮನೆಯ ಯಜಮಾನ, ಕನ್ನಡಕದ ಅಂಗಡಿಯವನು. ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಗಾಜಿನ ಕಪಾಟುಗಳ ನಡುವೆ ಇಸ್ತ್ರಿ ಅಂಗಿ ತೊಟ್ಟು ನಿಂತು, ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, "ನಿಮ್ಮ ಮುಖಕ್ಕೇ ಮಾಡಿಸಿದ ಹಾಗಿದೆ" ಅನ್ನುವುದು ಅವನ ಕೆಲಸ. ಹಿಂದಿನ ಇಕ್ಕಟ್ಟು ಕೋಣೆಯಲ್ಲಿ ಯಂತ್ರದ ಮುಂದೆ ಕೂತು ಲೆನ್ಸು ಉಜ್ಜಿ, ಅಂಚು ತೀಡಿ, ಫ್ರೇಮಿಗೆ ಕೂರಿಸುವುದು ಹೆಂಡತಿಯ ಕೆಲಸ. ಅವನ ಅಂಗಿಯ ಮೇಲೆ ಒಂದು ಕಲೆಯೂ ಇರುತ್ತಿರಲಿಲ್ಲ. ಅವಳ ತಲೆಗೂದಲ ತುಂಬ ಲೆನ್ಸಿನ ಬಿಳಿಪುಡಿ ಇರುತ್ತಿತ್ತು.

ಗಾಜು ಅಂದರೆ ಅವನಿಗೆ ಒಂದು ಹುಚ್ಚು. ಕೊಳೆ ಗಾಜು ಕಂಡರೆ ಕೈ ಸುಮ್ಮನಿರದು. ನೆಂಟರ ಮನೆಗೆ ಹೋದರೂ ಅಂಗಿಯ ಜೇಬಿನಿಂದ ಹಳದಿ ಬಟ್ಟೆ ತೆಗೆದು ಅವರ ಗಡಿಯಾರದ ಮುಖ ಒರೆಸಿಬಿಡುತ್ತಿದ್ದ. ಅಂಗಡಿಯ ಲೆನ್ಸ್ ಸ್ಪ್ರೇಯನ್ನು ಹೆಂಡತಿಯೇ ಮನೆಯಲ್ಲಿ ಬೆರೆಸುತ್ತಿದ್ದಳು. ಸ್ಪಿರಿಟ್ಟು, ನೀರು, ಒಂದು ತೊಟ್ಟು ಸೋಪು. ಬಾಟಲಿಗಳು ಮನೆಗೆ ಬಂದಮೇಲೆ ಆ ಸ್ಪ್ರೇ ಯಾಕೋ ಬೇಗ ಬೇಗ ಖಾಲಿಯಾಗತೊಡಗಿತ್ತು.

ವೈನಿನ ಗೀಳು ಹಿಡಿಸಿದವನು ಒಬ್ಬ ಗಿರಾಕಿ, ಬಂಗಾರದ ಬಣ್ಣದ ಫ್ರೇಮು ಕೊಂಡ ಕಟ್ಟಡದ ಗುತ್ತಿಗೆದಾರ. "ಬಂಗಾರ ಲಾಕರಿನಲ್ಲಿ ಸುಮ್ನೆ ಬಿದ್ದಿರುತ್ತೆ ಸಾರ್. ಒಳ್ಳೇ ವೈನು ಮಲಗಿದಲ್ಲೇ ಬೆಳೆಯುತ್ತೆ" ಅಂದನಂತೆ. ಅಷ್ಟು ಸಾಕಾಯಿತು. ಕನ್ನಡಕದವನು ಪತ್ರಿಕೆ ತರಿಸಿದ, ಉದ್ದ ಕಾಲಿನ ಲೋಟ ತರಿಸಿದ, ಕಾರು ಮಾರಿ ಬಾಟಲಿ ತರಿಸಿದ. ಮೊದಮೊದಲು ಮಗಳಿಗೆ ಇದೆಲ್ಲ ತಮಾಷೆಯಾಗಿತ್ತು. ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು.

"ಅಪ್ಪಾ, ನಾನು ಹುಟ್ಟಿದ ವರ್ಷದ್ದು ಒಂದೂ ಇಲ್ವಾ?" ಅಂತ ಕೇಳಿದ್ದಳು.

"ಆ ವರ್ಷ ಸರಿಯಿಲ್ಲ ಪುಟ್ಟಾ. ದ್ರಾಕ್ಷಿಗೆ ಆಲಿಕಲ್ಲು ಬಿದ್ದಿತ್ತು. ಅದಕ್ಕೆ ಬೆಲೆ ಬರಲ್ಲ."

ಅವಳು ನಕ್ಕಳು. ಆದರೆ ಆಮೇಲೆ ಇದನ್ನು ತಮಾಷೆ ಅನ್ನಲಿಲ್ಲ.

ಅಜ್ಜಿಯನ್ನು ಆ ಕೋಣೆಯಿಂದ ಎಬ್ಬಿಸುವ ಮಾತು ಬಂದದ್ದು ಊಟಕ್ಕೆ ಕೂತಾಗ. ಅನ್ನ, ಬೇಯಿಸಿದ ತರಕಾರಿ, ತಲೆಗೊಂದು ಮೊಟ್ಟೆ. ಅವನು ಮೊಟ್ಟೆಯ ಸಿಪ್ಪೆಯನ್ನು ಚೂರೂ ಮುರಿಯದಂತೆ ಬಿಡಿಸುತ್ತ ಶುರುಮಾಡಿದ.

"ಒಂದೇ ಒಂದು ವರ್ಷ ಅಮ್ಮ. ಮಾರಿಬಿಟ್ರೆ ಕೋಣೆ ನಿಂದೇ. ಅಲ್ಲೀವರೆಗೆ ಮೇಲಿನ ಶೀಟ್ ಕೋಣೇಲಿ ಮಲಗು. ಗಾಳಿ ಬೆಳಕು ಎಲ್ಲ ಇದೆ."

"ಬೆಳಕು ಬೇಕಾದಷ್ಟಿದೆ. ಈ ಮೊಟ್ಟೆನ ಆ ಶೀಟಿನ ಮೇಲೆ ಒಡೆದು ಹಾಕಿದ್ರೆ ನನ್ನ ಸೊಸೆ ಒಲೆ ಹಚ್ಚೋ ಕೆಲಸ ಇಲ್ಲ" ಅಂದರು ಅಜ್ಜಿ, ಹೆಂಡತಿಯ ಅತ್ತೆ.

"ಸೆಖೆ ಅನ್ನೋದೆಲ್ಲ ಮನಸ್ಸಿನ ಭ್ರಮೆ ಅಮ್ಮ."

"ಹೌದೌದು. ಹೋಟೆಲಿನ ಲಾಂಡ್ರೀಲಿ ಅಷ್ಟು ವರ್ಷ ಆವಿ ಇಸ್ತ್ರಿ ಮುಂದೆ ನಿಂತಿದ್ನಲ್ಲ, ಅದೂ ಭ್ರಮೆನೇ. ಆ ಭ್ರಮೆಯ ಸಂಬಳದಲ್ಲೇ ದೊರೆಗಳ ಅಂಗಡಿ ಎದ್ದಿದ್ದು."

ಸಿಟ್ಟು ಬಂದಾಗ ತಾಯಿ ಮಗನನ್ನು ಕರೆಯುತ್ತಿದ್ದ ಹೆಸರು ಅದು, ದೊರೆ. ಅವನಿಗೆ ಅದು ಹೊಗಳಿಕೆಯಂತೆ ಕೇಳಿಸುತ್ತಿತ್ತೋ ಏನೋ, ಒಂದು ದಿನವೂ ಬೇಡ ಅಂದವನಲ್ಲ.

"ಅಜ್ಜಿ ನನ್ನ ಕೋಣೇಲಿ ಇರ್ಲಿ" ಅಂದಳು ಮಗಳು.

"ನಿನ್ನ ಕೋಣೇಲಿ ಇನ್ನೊಂದು ಮಂಚ ಹಾಕಿದ್ರೆ ಬಾಗಿಲು ತೆರೆಯಲ್ಲ."

"ಹಾಗಾದ್ರೆ ಬಾಟಲಿಗಳನ್ನೇ ಮೇಲೆ ಇಡಪ್ಪ. ಗಾಳಿ ಬೆಳಕು ಎಲ್ಲ ಇದೆಯಲ್ಲ."

"ತಲೆಹರಟೆ ಬೇಡ. ಅವಕ್ಕೆ ಒಂದು ಹದ ಅಂತ ಇರುತ್ತೆ. ನಿನಗೆ ಅರ್ಥ ಆಗಲ್ಲ."

ಹೆಂಡತಿ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಮಾರನೆಯ ದಿನ ಹಾಸಿಗೆ ಸುತ್ತಿ ಮೇಲೆ ಹೊತ್ತವಳೂ ಅವಳೇ. ಕಡಿದಾದ ಮೆಟ್ಟಿಲು. ಅತ್ತೆ ಕಂಬಿ ಹಿಡಿದು ಒಂದೊಂದೇ ಕಾಲೆತ್ತಿ ಹತ್ತಿದರು, ನಡುವೆ ನಿಂತು ಉಸಿರು ತೆಗೆದುಕೊಂಡರು.

"ನಾನು ಸತ್ರೆ ಇಳಿಸೋದು ಕಷ್ಟ ಆಗುತ್ತೆ ನೋಡಮ್ಮ."

"ಬಿಡ್ತು ಅನ್ನಿ ಅತ್ತೆ. ಕೆಟ್ಟ ಮಾತು ಆಡ್ಬೇಡಿ."

"ಕೆಟ್ಟ ಮಾತಲ್ಲ, ಮೆಟ್ಟಿಲಿನ ಮಾತು."

ಶೀಟ್ ಕೋಣೆ ಮಧ್ಯಾಹ್ನಕ್ಕೆ ಕಾದ ಬಾಣಲೆಯಾಗುತ್ತಿತ್ತು. ಫ್ಯಾನು ಹಾಕಿದರೆ ಬಿಸಿಗಾಳಿಯನ್ನೇ ತಿರುವಿ ತಿರುವಿ ಮುಖಕ್ಕೆ ಎರಚುತ್ತಿತ್ತು. ಹೆಂಡತಿ ಒದ್ದೆ ಬಟ್ಟೆ ಕಿಟಕಿಗೆ ತೂಗುಹಾಕಿದಳು, ಬಕೆಟ್ಟಿನಲ್ಲಿ ನೀರಿಟ್ಟಳು. ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತು ನೋಡಿ ಓಡಿ ಹೋಗಿ ಅತ್ತೆಯ ಬೆನ್ನು ಒರೆಸಿ ಬರುತ್ತಿದ್ದಳು. ಇನ್ನೊಂದು ಏಸಿ ಹಾಕಿಸಿ ಅಂದರೆ ಗಂಡನ ಉತ್ತರ ಸಿದ್ಧವಾಗಿತ್ತು: ಮನೆಯ ತಂತಿ ಹಳೆಯದು, ಎರಡನ್ನು ಎಳೆಯುವುದಿಲ್ಲ, ಕರೆಂಟು ಹೋದರೆ ಕೆಳಗಿನವಕ್ಕೆ ತೊಂದರೆ. ಕೆಳಗಿನವು ಅನ್ನುತ್ತಿದ್ದ, ಹಸುಗೂಸುಗಳ ಮಾತಾಡುವವನಂತೆ.

ಆ ವಾರವೇ ಅವನ ವೈನ್ ಗೆಳೆಯರು ಬಂದರು. ಗುತ್ತಿಗೆದಾರ, ಒಬ್ಬ ಹಲ್ಲಿನ ಡಾಕ್ಟರು, ಇನ್ನೊಬ್ಬ ಯಾರೋ ಸ್ಕಾರ್ಫು ಸುತ್ತಿಕೊಂಡವನು. ಸಾಲಾಗಿ ಹೋಗಿ ಕೋಣೆ ನೋಡಿದರು. ಪಿಸುಮಾತಿನಲ್ಲಿ ಹೊಗಳಿದರು, ತೊಟ್ಟಿಲ ಮಗು ಎದ್ದುಬಿಟ್ಟೀತು ಅನ್ನುವ ಹಾಗೆ. ಆಮೇಲೆ ಮೇಜಿಗೆ ಕೂತರು. ಕನ್ನಡಕದವನು ವೈನ್ ಅಂಗಡಿಯಿಂದ ತಂದ ಅಗ್ಗದ ಬಾಟಲಿಯೊಂದನ್ನು ತೆರೆದ. ಎಲ್ಲರೂ ಲೋಟದೊಳಗೆ ಮೂಗು ತೂರಿಸಿದರು.

"ಹಳೇ ಚರ್ಮ" ಅಂದ ಹಲ್ಲಿನ ಡಾಕ್ಟರು.

"ಪೆನ್ಸಿಲ್ ಕೆತ್ತಿದ ವಾಸನೆ" ಅಂದ ಸ್ಕಾರ್ಫಿನವನು.

"ಹಸಿ ಮಣ್ಣು. ಸ್ವಲ್ಪ ಹೊಗೆ" ಅಂದ ಕನ್ನಡಕದವನು ಕಣ್ಣು ಮುಚ್ಚಿ.

ಹೆಂಡತಿ ಬ್ರೆಡ್ಡಿನ ತಟ್ಟೆ ಇಡುತ್ತಿದ್ದಳು. ಅವಳಿಗೆ ಚೆನ್ನಾಗಿ ಗೊತ್ತು, ಈ ಮನುಷ್ಯ ಅಡುಗೆಮನೆಯಲ್ಲಿ ಹಾಲು ಉಕ್ಕಿ ತಳ ಹತ್ತಿ ಕರಿಯಾದರೂ ಪಕ್ಕದಲ್ಲೇ ಪತ್ರಿಕೆ ಓದುತ್ತ ಕೂತಿರುವವನು. ತುಟಿ ಕಚ್ಚಿಕೊಂಡಳು. ಮೆಟ್ಟಿಲ ಕೆಳಗೆ ತಂಪಿಗೆಂದು ಕೂತಿದ್ದ ಅತ್ತೆ ಮಾತ್ರ ಬಾಯಿ ಕಟ್ಟಿಕೊಳ್ಳಲಿಲ್ಲ.

"ಚರ್ಮ, ಪೆನ್ಸಿಲ್ಲು, ಮಣ್ಣು, ಹೊಗೆ. ಅಲ್ಲಪ್ಪಾ, ಇದನ್ನ ಕುಡೀತೀರೋ, ಸ್ಕೂಲಿಗೆ ಬೆಂಕಿ ಹಚ್ಚಿದ್ದೀರೋ?"

ಗೆಳೆಯರು ನಕ್ಕರು. ಮಗ ನಗಲಿಲ್ಲ. ಅತ್ತೆಗೆ ನಿಜವಾಗಿಯೂ ಒಂದು ಸಂದೇಹವಿತ್ತು.

"ಒಳಗಿರೋದನ್ನ ಯಾವಾಗ ತೆಗೀತೀರಿ?"

"ಅದನ್ನ ತೆಗೆಯೋದಲ್ಲ ಅಜ್ಜಿ" ಗುತ್ತಿಗೆದಾರ ತಾಳ್ಮೆಯಿಂದ ವಿವರಿಸಿದ. "ಇವರು ಮಾರ್ತಾರೆ. ಕೊಂಡವನು ಇನ್ನಷ್ಟು ವರ್ಷ ಇಟ್ಟು ಇನ್ನೊಬ್ಬನಿಗೆ ಮಾರ್ತಾನೆ."

"ಅವನು ಕುಡೀತಾನಾ?"

"ಅವನೂ ಮಾರ್ತಾನೆ."

"ಅಯ್ಯೋ ಶಿವನೇ! ಯಾರೂ ಕುಡಿಯದ ಸಾರಾಯಿಗೆ ನಾನು ಮೇಲೆ ಬೇಯ್ತಾ ಇದ್ದೀನಾ?"

"ಅಮ್ಮ, ನೀನು ಮೇಲೆ ಹೋಗು" ಅಂದ ಮಗ, ಹಲ್ಲು ಕಡಿಯುತ್ತ. ಅತ್ತೆ ಎದ್ದು ಕಂಬಿ ಹಿಡಿದರು.

ಬಾಟಲಿಗಳಿಗೆ ಒಂದು ಕಾಯಿಲೆ ಹತ್ತಿಕೊಂಡದ್ದು ಆ ದಿನಗಳಲ್ಲೇ. ತೇವದ ಯಂತ್ರ ಹಗಲಿರುಳು ಉಗುಳಿ ಉಗುಳಿ ಗಾಜಿನ ಮೇಲೆ, ಲೇಬಲ್ಲುಗಳ ಮೇಲೆ ಬೂಷ್ಟು ಹಿಡಿಯಿತು, ಸಣ್ಣ ಸಣ್ಣ ಬೂದು ಚುಕ್ಕೆ. ಗಾಜಿನ ಮೇಲೆ ಚುಕ್ಕೆ! ಕನ್ನಡಕದವನ ಜೀವ ತಡೆದೀತೆ? ದಿನಾ ಅಂಗಡಿ ಮುಚ್ಚಿದ ಮೇಲೆ ಸ್ಪ್ರೇ ಮತ್ತು ಹಳದಿ ಬಟ್ಟೆ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ಮೂಲೆಗೆ ಎಸೆದ ಬಟ್ಟೆಗಳನ್ನು ಒಗೆಯಲು ಹಾಕುವಾಗ ಹೆಂಡತಿ ಗಮನಿಸಿದಳು, ಹಳದಿ ಬಟ್ಟೆಗಳಲ್ಲಿ ಕೆಂಪು, ಕಪ್ಪು, ಬಂಗಾರದ ಕಲೆ. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಏನೋ ಹಾಳು ಬಣ್ಣ ಅಂದುಕೊಂಡು ಮಡಿಸಿಟ್ಟಳು, ಸ್ಪ್ರೇ ಡಬ್ಬಿಯನ್ನು ಮತ್ತೆ ತುಂಬಿಸಿಟ್ಟಳು.

ಅತ್ತೆ ಬಿದ್ದದ್ದು ಒಂದು ಮಧ್ಯಾಹ್ನ. ಹೆಂಡತಿ ಲೆನ್ಸಿನ ಅಂಚು ತೀಡುತ್ತಿದ್ದಳು. ಮೇಲೆ ಬಕೆಟ್ಟು ಉರುಳಿದ ಸದ್ದು ಕೇಳಿಸಿತು. ಓಡಿ ಹೋದರೆ ಅತ್ತೆ ನೀರಿನಲ್ಲಿ ಮಗ್ಗುಲಾಗಿ ಬಿದ್ದಿದ್ದರು, ಕಣ್ಣು ಅರೆತೆರೆದಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಮಗಳು ಆಗಷ್ಟೇ ಕೊಳದಿಂದ ಬಂದಿದ್ದಳು. ಒದ್ದೆ ತಲೆಯಲ್ಲೇ ಮೇಲೆ ಹತ್ತಿ, ಮುಳುಗಿದವರನ್ನು ಎತ್ತುವ ಹಾಗೆ ಅಜ್ಜಿಯನ್ನು ಹೆಗಲಿಗೆ ಹಾಕಿಕೊಂಡು ಇಳಿಸಿದಳು. ಎಲ್ಲಿಗೆ ಅಂತ ಕೇಳಲಿಲ್ಲ. ನೇರವಾಗಿ ತಂಪು ಕೋಣೆಯ ಬಾಗಿಲನ್ನು ಕಾಲಿಂದ ಒದ್ದು ತೆಗೆದು, ಗೂಡುಗಳ ನಡುವೆ ನೆಲದ ಮೇಲೆ ಮಲಗಿಸಿದಳು. ಹೆಂಡತಿ ಕತ್ತು, ಕಂಕುಳು, ಅಂಗಾಲು ಎಲ್ಲ ಒದ್ದೆ ಬಟ್ಟೆಯಿಂದ ಒತ್ತಿದಳು. ಪಕ್ಕದ ಬೀದಿಯ ಡಾಕ್ಟರಿಗೆ ಫೋನು ಹೋಯಿತು. ನಿಧಾನಕ್ಕೆ ಅತ್ತೆ ಕಣ್ಣು ಬಿಟ್ಟರು.

ಯಜಮಾನ ಲೆನ್ಸ್ ತರಲು ಪೇಟೆಗೆ ಹೋಗಿದ್ದವನು ಬಂದ. ಹೊಸ್ತಿಲಲ್ಲಿ ನಿಂತ. ನೆಲದ ಮೇಲೆ ತಾಯಿ, ಪಕ್ಕದಲ್ಲಿ ಡಾಕ್ಟರು, ಮೊಣಕಾಲೂರಿದ ಹೆಂಡತಿ, ಎಲ್ಲವನ್ನೂ ನೋಡಿದ. ಆಮೇಲೆ ಗೋಡೆಯ ಮೇಲಿದ್ದ ಉಷ್ಣತೆಯ ಮೀಟರು ನೋಡಿದ.

"ಬಾಗಿಲು ಎಷ್ಟು ಹೊತ್ತಿಂದ ತೆಗೆದಿದೆ?" ಅಂದ.

ಡಾಕ್ಟರು ಸ್ಟೆತಸ್ಕೋಪು ಮಡಚುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಛಾವಣಿಯಡಿ ಬಾಳಿದ ಆ ಮನುಷ್ಯನ ಮೇಲೆ ಹೆಂಡತಿಗೆ ಸಿಟ್ಟು ಬಂದಿತ್ತು, ಬೇಜಾರು ಬಂದಿತ್ತು, ಕೆಲವೊಮ್ಮೆ ಕನಿಕರವೂ ಬಂದಿತ್ತು. ಅಸಹ್ಯ ಬಂದದ್ದು ಇದೇ ಮೊದಲು.

"ತಾಯಿ ಬದುಕಿದ್ದಾಳಾ ಅಂತ ಕೇಳ್ಬೇಕಿತ್ತು ನೀವು" ಅಂದಳು.

"ಕಾಣ್ತಾ ಇದೆಯಲ್ಲ, ಉಸಿರಾಡ್ತಾ ಇದ್ದಾರೆ."

ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಹೋದರು: ಮೆಟ್ಟಿಲು ಹತ್ತುವ ಹಾಗಿಲ್ಲ, ಸೆಖೆ ತಾಗುವ ಹಾಗಿಲ್ಲ, ಇನ್ನೊಂದು ಸಲ ಹೀಗಾದರೆ ತನ್ನನ್ನು ಕರೆದು ಪ್ರಯೋಜನವಿಲ್ಲ. ಆ ದಿನ ಊಟದ ಮೇಜು ರಣರಂಗವಾಯಿತು.

"ಇವತ್ತೇ ಅಜ್ಜಿ ಮಂಚ ಕೆಳಗೆ ಬರ್ಬೇಕು" ಅಂದಳು ಮಗಳು.

"ಬರ್ಲಿ. ಲೆನ್ಸ್ ಕೋಣೇಲಿ ಹಾಕಿ. ಇನ್ನೇನು, ಹರಾಜಿನ ಕಂಪನಿಯವರು ಬೆಲೆ ಕಟ್ಟೋಕೆ ಬರ್ತಾರೆ. ಒಟ್ಟಿಗೆ ಎಲ್ಲ ತಗೊಳ್ತಾರೆ. ಅಲ್ಲೀವರೆಗೆ ಅಲುಗಾಡಿಸೋ ಹಾಗಿಲ್ಲ."

"ಅಲುಗಾಡಿಸಿದ್ರೆ ಏನಾಗುತ್ತೆ, ಬಿಕ್ಕಳಿಕೆ ಬರುತ್ತಾ?"

"ಅಮ್ಮನ ಒಳ್ಳೇದಕ್ಕೇ ಮಾಡ್ತಾ ಇರೋದು! ದುಡ್ಡು ಬಂದ್ರೆ ಯಾರಿಗೆ?"

"ನಿಮಗೆ" ಅಂದಳು ಹೆಂಡತಿ. ಅವನ ತಟ್ಟೆಗೆ ಬಡಿಸದೆ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಹೋದಳು. ಅವನು ತಾನೇ ಬಡಿಸಿಕೊಂಡು ಉಂಡ. ಉಂಡ ಮೇಲೆ ಲೋಟ ಎತ್ತಿ ದೀಪಕ್ಕೆ ಹಿಡಿದು ನೋಡಿ, ಜೇಬಿನ ಬಟ್ಟೆಯಿಂದ ಒರೆಸಿಟ್ಟ.

ಮಂಚ ಲೆನ್ಸ್ ಕೋಣೆಗೆ ಬಂತು. ಯಂತ್ರಕ್ಕೂ ಮಂಚಕ್ಕೂ ನಡುವೆ ಒಬ್ಬರು ಅಡ್ಡಡ್ಡ ತಿರುಗುವಷ್ಟು ಜಾಗ. ಯಂತ್ರ ಓಡಿದರೆ ಕಿರ್ರೆನ್ನುವ ಸದ್ದು, ಬಿಳಿಪುಡಿ. ಹೆಂಡತಿ ಅತ್ತೆಯ ಮುಖದ ಮೇಲೆ ತೆಳು ಬಟ್ಟೆ ಹೊದಿಸಿ ಕೆಲಸ ಮಾಡುತ್ತಿದ್ದಳು. ಅವರಿಗೆ ಕೆಮ್ಮು ಬಂದಾಗ ಯಂತ್ರ ನಿಲ್ಲಿಸಿ, ನಿಂತಮೇಲೆ ಮತ್ತೆ ಓಡಿಸುತ್ತಿದ್ದಳು. ಗಿರಾಕಿಗಳ ಕನ್ನಡಕ ತಡವಾಗತೊಡಗಿತು. ಗಂಡ ಮುಂದಿನಿಂದ ಕೂಗುತ್ತಿದ್ದ. ಅವಳು ಕೇಳಿದರೂ ಕೇಳದವಳಂತೆ ಇರುತ್ತಿದ್ದಳು.

ಬೆಲೆ ಕಟ್ಟುವವರು ಅಂದರೆ ಯಾರೋ ಠಾಕುಠೀಕು ಗಂಡಸು ಬರುತ್ತಾನೆಂದು ಮನೆಯವರು ಎಣಿಸಿದ್ದರು. ಬಂದವಳು ಚಪ್ಪಟೆ ಚಪ್ಪಲಿಯ ಒಬ್ಬ ನಡುವಯಸ್ಸಿನ ಹೆಂಗಸು, ಕೈಗೆ ಬಿಳಿ ಗವಸು, ಬೆರಳುದ್ದದ ಟಾರ್ಚು. ಕನ್ನಡಕದವನು ಆ ದಿನ ಅಂಗಡಿ ತೆಗೆದಿರಲಿಲ್ಲ. ಹೊಸ ಅಂಗಿ ತೊಟ್ಟು, ಮದುವೆ ಗಂಡಿನ ತಂದೆಯಂತೆ ಓಡಾಡುತ್ತಿದ್ದ.

ಅವಳು ಮೊದಲ ಬಾಟಲಿಯ ಕತ್ತಿನ ಹಿಂದೆ ಟಾರ್ಚು ಹಿಡಿದಳು. "ಒಳಗಿನ ಮಟ್ಟ ಚೆನ್ನಾಗಿದೆ ಸರ್. ಸೋರಿಲ್ಲ."

ಅವನು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ.

ಬೆಲೆ ಕಟ್ಟುವವಳು ಬಾಟಲಿಯನ್ನು ಇತ್ತ ತಿರುಗಿಸಿದಳು, ಅತ್ತ ತಿರುಗಿಸಿದಳು. "ಇದರ ಇಸವಿ ಎಲ್ಲಿದೆ?"

"ಅಲ್ಲೇ ಇದೆಯಲ್ಲ, ಲೇಬಲ್ ಮೇಲೆ."

ಇಸವಿ ಇರಬೇಕಾದಲ್ಲಿ ನಸುಗೆಂಪು ಮಸುಕು ಇತ್ತು. ಇನ್ನೊಂದು ತೆಗೆದಳು. ಅದರಲ್ಲಿ ತೋಟದ ಹೆಸರು ಅರ್ಧ ಉಳಿದಿತ್ತು. ಮತ್ತೊಂದರಲ್ಲಿ ಬಂಗಾರದ ಅಂಚೆಲ್ಲ ಹೋಗಿ ಬರೀ ಕಾಗದ. ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು. ಅವಳು ಟಾರ್ಚು ಆರಿಸಿದಳು.

"ಇವನ್ನ ಯಾರೋ ಒರೆಸಿದ್ದಾರೆ ಸರ್. ಸ್ಪಿರಿಟ್ ಹಾಕಿ."

"ಬೂಷ್ಟು ಹಿಡಿದಿತ್ತು, ಅದಕ್ಕೆ…"

"ಬೂಷ್ಟು ಇದ್ರೆ ಏನೂ ಆಗ್ತಿರಲಿಲ್ಲ. ಹಳೇದು ಹಳೇದಾಗೇ ಕಾಣ್ಬೇಕು. ಈಗ ನೋಡಿದವರು ನಿನ್ನೆ ಇದೇ ಮನೇಲಿ ತುಂಬಿಸಿ ಅಂಟಿಸಿದ್ದು ಅಂತಾರೆ. ನಾನು ಅಸಲಿ ಅಂತ ಸಹಿ ಹಾಕೋಕಾಗಲ್ಲ."

"ಒಳಗಿರೋದು ಅಸಲಿ ರೀ! ಬೇಕಾದ್ರೆ ಒಂದು ತೆಗೆದು ಕುಡಿದು ನೋಡಿ."

"ತೆಗೆದ ಮೇಲೆ ಮಾರೋಕೆ ಏನುಳಿಯುತ್ತೆ ಸರ್?" ಅವಳು ಗವಸು ಕಳಚತೊಡಗಿದಳು. "ಯಾರು ಒರೆಸಿದ್ದು?"

ಕನ್ನಡಕದವನು ಅಲ್ಲಿ ಇಲ್ಲಿ ನೋಡಿದ. ಆಮೇಲೆ, ಲೆನ್ಸ್ ಕೋಣೆಯ ಅರೆತೆರೆದ ಬಾಗಿಲ ಕಡೆ ಕೈ ತೋರಿಸಿದ.

"ನಮ್ಮಮ್ಮ. ಇದು ಮೊದಲು ಅವರ ಕೋಣೆ ಆಗಿತ್ತು. ವಯಸ್ಸಾಯ್ತು ನೋಡಿ, ಕೈ ಸುಮ್ನಿರಲ್ಲ. ಎಷ್ಟು ಹೇಳಿದ್ರೂ ಕೇಳಲ್ಲ."

ಅಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಹೆಂಡತಿ ಒಳಗೆ ಹೋದಳು. ಮಡಿಸಿಟ್ಟಿದ್ದ ಹಳದಿ ಬಟ್ಟೆಗಳ ಗಂಟನ್ನು ತಂದು ಬೆಲೆ ಕಟ್ಟುವವಳ ಮುಂದೆ ಬಿಚ್ಚಿದಳು. ಕೆಂಪು, ಕಪ್ಪು, ಬಂಗಾರ, ಎಲ್ಲ ಲೇಬಲ್ಲುಗಳೂ ಅಲ್ಲಿದ್ದವು.

"ಮೇಡಂ, ನಮ್ಮತ್ತೆ ತೋಳು ಭುಜದಿಂದ ಮೇಲೆ ಏಳಲ್ಲ. ಈ ಬಟ್ಟೆ ಇವರ ಜೇಬಿಂದು. ಸ್ಪಿರಿಟ್ ಬೆರೆಸಿ ಕೊಟ್ಟವಳು ನಾನು, ಕನ್ನಡಕ ಒರೆಸೋಕೆ ಅಂತ."

"ನೀನು ಒಳಗೆ ಹೋಗ್ತೀಯೋ ಇಲ್ವೋ!" ಅವನು ಗದರಿದ.

"ಬಿಡಮ್ಮ, ಬಿಡು" ಲೆನ್ಸ್ ಕೋಣೆಯಿಂದ ಅತ್ತೆಯ ದನಿ ಬಂತು. ಅವರು ಮಂಚದ ಮೇಲೆ ಎದ್ದು ಕೂತಿದ್ದರು. ಬಿಳಿಪುಡಿ ಮೆತ್ತಿದ ಮುಖ ಬಾಗಿಲ ಸಂದಿಯಲ್ಲಿ ಕಾಣುತ್ತಿತ್ತು. "ನಾನೇ ಒರೆಸಿದ್ದು ಅಂತ ಇರ್ಲಿ. ಇವನ ಮೂಗು ಒರೆಸಿದವಳು ನಾನೇ, ಕುಂಡೆ ಒರೆಸಿದವಳೂ ನಾನೇ. ಒರೆಸಿ ಒರೆಸಿ ದೊಡ್ಡವನ ಮಾಡ್ದೆ. ಅಲ್ಲೂ ಒರೆಸಿದ್ದು ಹೆಚ್ಚಾಯ್ತು ಕಾಣುತ್ತೆ ತಾಯಿ. ಮನುಷ್ಯ ಅಂತ ಬರೆದಿದ್ದೇ ಅಳಿಸಿಹೋಗಿದೆ."

ಬೆಲೆ ಕಟ್ಟುವವಳು ಚೀಲ ಹೆಗಲಿಗೇರಿಸಿದಳು. ಯಾರ ಮುಖವನ್ನೂ ನೋಡದೆ, ಅಜ್ಜಿಗೆ ಮಾತ್ರ ಕೈ ಮುಗಿದು ಹೊರಟುಹೋದಳು.

"ಮಂಚದ ಆ ಕಡೆ ಹಿಡ್ಕೋ" ಅಂದಳು ಹೆಂಡತಿ ಮಗಳಿಗೆ.

ಇಬ್ಬರೂ ಸೇರಿ ಮಧ್ಯಾಹ್ನದೊಳಗೆ ಗೂಡುಗಳನ್ನು ಬರಿದು ಮಾಡಿದರು. ಮಗಳು ಬಕೆಟ್ಟಿನಲ್ಲಿ ಬಾಟಲಿ ತುಂಬಿ ತುಂಬಿ ಮೇಲಿನ ಶೀಟ್ ಕೋಣೆಗೆ ಸಾಗಿಸಿದಳು. ಮಲಗಿಸುವ ಗೋಜಿಗೆ ಹೋಗಲಿಲ್ಲ, ನೆಟ್ಟಗೆ ನಿಲ್ಲಿಸಿದಳು. ಕನ್ನಡಕದವನು ಮೆಟ್ಟಿಲ ಬುಡದಲ್ಲಿ ನಿಂತು ಅವಳ ಹಿಂದೆ ಮುಂದೆ ಕೈ ಆಡಿಸುತ್ತಿದ್ದ. ಕೆಳಗೆ ಹೆಂಡತಿ ನೆಲ ಒರೆಸಿ, ಮಂಚ ಹಾಕಿ, ಹೊಸ ಹೊದಿಕೆ ಹಾಸಿ ಅತ್ತೆಯನ್ನು ಮಲಗಿಸಿದಳು. ಅವರು ತಂಪಿಗೆ ಒಮ್ಮೆ ಮೈ ಜುಮ್ಮೆನಿಸಿಕೊಂಡು ಕಾಲು ಚಾಚಿದರು.

ಅವನು ಹೊಸ್ತಿಲ ತನಕ ಬಂದ. ಗೋಡೆಯ ಮೇಲಿನ ಏಸಿಯ ಸ್ವಿಚ್ಚಿಗೆ ಕೈ ಹಾಕಿದ.

"ಇನ್ಯಾಕೆ ಇದು? ಸುಮ್ನೆ ದಂಡ."

"ಕೈ ತೆಗೀರಿ" ಅಂದಳು ಹೆಂಡತಿ. ದನಿ ಏರಿಸಲಿಲ್ಲ. ಅವನು ಕೈ ತೆಗೆದ.

ಮೇಲೆ ಮಗಳು ಕೊನೆಯ ಬಕೆಟ್ಟು ನೆಲಕ್ಕಿಟ್ಟ ಸದ್ದು ಕೇಳಿಸಿತು. ಅವನಿಗೆ ತಡೆಯಲಾಗಲಿಲ್ಲ. ಅಳು ಬಂದವನ ದನಿಯಲ್ಲಿ ಅಂದ:

"ನಿಮಗೇನಾದ್ರೂ ಬುದ್ಧಿ ಇದೆಯಾ? ಮೇಲೆ ಎಂಥಾ ಸೆಖೆ ಅಂತ ಗೊತ್ತಾ? ಬೆಂಕಿ ಅದು, ಬೆಂಕಿ! ಅಲ್ಲಿ ಒಂದು ವಾರ ಇಟ್ರೆ ಏನೂ ಉಳಿಯಲ್ಲ!"

ಹೆಂಡತಿ ಅವನನ್ನು ನೋಡಿದಳು. ಅವನು ಆಡಿದ ಮಾತು ಅವನ ಕಿವಿಗೇ ಬಿದ್ದಿತೋ ಇಲ್ಲವೋ, ಬಾಯಿ ತೆರೆದೇ ನಿಂತಿದ್ದ.

ಅತ್ತೆ ಗೋಡೆಯ ಕಡೆ ಮಗ್ಗುಲು ಹೊರಳಿದರು.

"ಬಾಗಿಲು ಮುಂದಕ್ಕೆ ಎಳಿ ದೊರೆ" ಅಂದರು. "ತಂಪು ಹೋಗುತ್ತೆ."